ಡಿಎಲ್‌ಗೆ ಎಷ್ಟು ದಿನ? ರೂಮ್‌ಮೇಟ್‌ಗೆ 51, ನನಗೆ 288

ಪ್ರತಿ ವರ್ಷ ಹಾಸ್ಟೆಲ್‌ಗೆ ಬರೋ ಜೂನಿಯರ್‌ಗಳು ತಪ್ಪದೆ ಕೇಳೋ ಪ್ರಶ್ನೆಗಳಲ್ಲಿ ಇದೂ ಒಂದು: “ಅಣ್ಣಾ, ಡಿಎಲ್ ಮಾಡ್ಸೋಕೆ ಎಷ್ಟು ದಿನ ಆಗುತ್ತೆ?” ಒಬ್ಬ ಒಂದು ತಿಂಗಳು ಅಂತಾನೆ, ಇನ್ನೊಬ್ಬ ಆರು ತಿಂಗಳು ಅಂತಾನೆ, ಮತ್ತೊಬ್ಬ “ನಮ್ಮೂರಲ್ಲಿ ಪರಿಚಯದವರಿದ್ದಾರೆ, ವಾರದಲ್ಲಿ ಮಾಡಿಸ್ತೀನಿ” ಅಂತಾನೆ.

ನಮ್ಮ ರೂಮಿನ ಕಥೆ ಕೇಳಿ. ಜನವರಿ 20ರ ರಾತ್ರಿ ನಾನೂ ನನ್ನ ರೂಮ್‌ಮೇಟ್ ಕೂಡ ಒಂದೇ ಲ್ಯಾಪ್‌ಟಾಪ್‌ನಲ್ಲಿ, ಒಬ್ಬರಾದ ಮೇಲೆ ಒಬ್ಬರು ಅರ್ಜಿ ಹಾಕಿದೆವು. ಇಬ್ಬರೂ ಗೇರ್ ಬೈಕಿಗೇ ಹಾಕಿದ್ದು. ಅವನ ಡಿಎಲ್ ಕಾರ್ಡ್ ಮನೆಗೆ ಬಂದದ್ದು ಮಾರ್ಚ್ 12ಕ್ಕೆ. ನನ್ನದು ನವೆಂಬರ್ 4ಕ್ಕೆ. ಅವನಿಗೆ 51 ದಿನ, ನನಗೆ 288 ದಿನ. ಇಬ್ಬರಿಗೂ ಅದೇ ಆರ್‌ಟಿಒ, ಅದೇ ನಿಯಮ, ಅದೇ ವೆಬ್‌ಸೈಟ್. ಹಾಗಾದ್ರೆ ಉಳಿದ 237 ದಿನ ಎಲ್ಲಿ ಹೋಯ್ತು? ಅದನ್ನ ಹುಡುಕ್ತಾ ಹೋದ್ರೆ ಡಿಎಲ್ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತೆ ಅನ್ನೋದೂ ಗೊತ್ತಾಗುತ್ತೆ.

ಎರಡು ಸಂಖ್ಯೆ ನೆನಪಿಟ್ಟುಕೊಳ್ಳಿ: 30 ದಿನ, 6 ತಿಂಗಳು

ನಮ್ಮ ದೇಶದಲ್ಲಿ ಡಿಎಲ್ ವಿಚಾರ ನಡೆಯೋದು 1988ರ ಮೋಟಾರು ವಾಹನ ಕಾಯ್ದೆ ಮತ್ತು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ. ಮೊದಲು ಕಲಿಕಾ ಪರವಾನಗಿ, ಅಂದ್ರೆ ಎಲ್‌ಎಲ್. ಆಮೇಲೆ ಚಾಲನಾ ಪರೀಕ್ಷೆ. ಪಾಸಾದ್ರೆ ಡಿಎಲ್.

ಎಲ್‌ಎಲ್ ಕೈಗೆ ಬಂದು ಕನಿಷ್ಠ 30 ದಿನ ಆಗದೆ ಚಾಲನಾ ಪರೀಕ್ಷೆಗೆ ನಿಲ್ಲೋ ಹಾಗಿಲ್ಲ. ಇದು ಕೆಳಗಿನ ಮಿತಿ. ಎಲ್‌ಎಲ್ ಚಾಲ್ತಿಯಲ್ಲಿರೋದು 6 ತಿಂಗಳು. ಇದು ಮೇಲಿನ ಮಿತಿ. ಈ ಎರಡರ ನಡುವೆ ಸುಮಾರು ಐದು ತಿಂಗಳ ಕಿಟಕಿ ತೆರೆದಿರುತ್ತೆ. ಅಷ್ಟರೊಳಗೆ ಟೆಸ್ಟ್ ಪಾಸಾಗ್ಬೇಕು. ಕಿಟಕಿ ಮುಚ್ಚಿದ್ರೆ ಮತ್ತೆ ಹೊಸ ಎಲ್‌ಎಲ್, ಮತ್ತೆ ಶುಲ್ಕ, ಮತ್ತೆ ದಿನ ಎಣಿಸೋದು.

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪೇಪರ್‌ನಲ್ಲಿ ಕ್ರಿಟಿಕಲ್ ಪಾತ್ ಅಂತ ಓದ್ತೀವಲ್ಲ, ಇಲ್ಲಿ ಅದು ತುಂಬಾ ಚಿಕ್ಕದು. ಎಲ್‌ಎಲ್‌ಗೆ ಒಂದು ದಿನ, ಕಾಯೋದು 30 ದಿನ, ಟೆಸ್ಟ್ ಒಂದು ದಿನ, ಆಮೇಲೆ ಕಾರ್ಡ್ ಪ್ರಿಂಟ್ ಆಗಿ ಅಂಚೆಯಲ್ಲಿ ಬರೋ ಸಮಯ. ಇದರಲ್ಲಿ ಯಾರೂ ಕಡಿಮೆ ಮಾಡೋಕೆ ಆಗದಿರೋದು ಆ 30 ದಿನ. ಹೆಚ್ಚು ಕಡಿಮೆ ಆಗೋದೆಲ್ಲ ಸ್ಲಾಟ್ ಸಿಗೋದರಲ್ಲಿ, ಅಂಚೆಯಲ್ಲಿ, ಮತ್ತೆ ಮುಖ್ಯವಾಗಿ ನಮ್ಮ ಸೋಮಾರಿತನದಲ್ಲಿ.

ಎಲ್‌ಎಲ್: ಒಂದು ಸಂಜೆಯ ಕೆಲಸ

ಅರ್ಜಿ ಹಾಕೋದು ಕೇಂದ್ರ ಸರ್ಕಾರದ ಪರಿವಾಹನ್ ವೆಬ್‌ಸೈಟ್‌ನ ಸಾರಥಿ ವಿಭಾಗದಲ್ಲಿ. ಮೊದಲೆಲ್ಲ ಎಲ್‌ಎಲ್‌ಗೂ ಆರ್‌ಟಿಒ ಮುಂದೆ ಬೆಳಗ್ಗೆ ಹೋಗಿ ಸಾಲಲ್ಲಿ ನಿಲ್ಬೇಕಿತ್ತು. ಈಗ ಆಧಾರ್ ದೃಢೀಕರಣ ಮಾಡಿದ್ರೆ ರೂಮಲ್ಲೇ ಕೂತು ಮುಗಿಸಬಹುದು. ರಸ್ತೆ ಸುರಕ್ಷತೆ ವಿಡಿಯೋ ನೋಡ್ಬೇಕು, ಆಮೇಲೆ ಕ್ಯಾಮೆರಾ ಮುಂದೆ ಕೂತು ಆನ್‌ಲೈನ್ ಪರೀಕ್ಷೆ ಬರೀಬೇಕು, ಪಾಸಾದ್ರೆ ಎಲ್‌ಎಲ್ ಪಿಡಿಎಫ್ ಆಗಿ ಡೌನ್‌ಲೋಡ್ ಆಗುತ್ತೆ. ಆಧಾರ್ ಬೇಡ ಅನ್ನೋರಿಗೆ ಆರ್‌ಟಿಒಗೆ ಹೋಗಿ ಪರೀಕ್ಷೆ ಬರೆಯೋ ಹಳೇ ದಾರಿ ಇದ್ದೇ ಇದೆ.

ಪಾಸಾಗೋಕೆ ಶೇ. 60ರಷ್ಟು ಸರಿ ಉತ್ತರ ಸಾಕು. ಪ್ರಶ್ನೆಗಳು ಸಂಚಾರ ಚಿಹ್ನೆ, ಅಪಘಾತ ಆದಾಗ ಚಾಲಕನ ಕರ್ತವ್ಯ, ಕಾವಲಿಲ್ಲದ ರೈಲ್ವೆ ಕ್ರಾಸಿಂಗ್ ದಾಟೋ ಕ್ರಮ, ಗಾಡಿಯಲ್ಲಿ ಇರ್ಬೇಕಾದ ದಾಖಲೆಗಳ ಬಗ್ಗೆ ಇರುತ್ತವೆ. ಚಿಹ್ನೆಗಳನ್ನ ಬಾಯಿಪಾಠ ಮಾಡೋ ಬದಲು ಆಕಾರ ನೋಡಿ. ಸಾಮಾನ್ಯವಾಗಿ ದುಂಡಗಿದ್ರೆ ಅದು ಆದೇಶ, ತ್ರಿಕೋನ ಇದ್ರೆ ಎಚ್ಚರಿಕೆ, ಆಯತ ಇದ್ರೆ ಮಾಹಿತಿ. ಎಂಟು ಮೂಲೆಯ ‘ನಿಲ್ಲಿ’ ಮತ್ತು ತಲೆಕೆಳಗಾದ ತ್ರಿಕೋನದ ‘ದಾರಿ ಬಿಡಿ’, ಇವೆರಡೂ ಆದೇಶಗಳೇ. ಇಷ್ಟು ಗೊತ್ತಿದ್ರೆ ಅರ್ಧ ಪರೀಕ್ಷೆ ಗೆದ್ದ ಹಾಗೆ.

ಅರ್ಜಿಯಲ್ಲಿ ತುಂಬಾ ಜನ ಎಡವೋದು ವಾಹನದ ವರ್ಗ ಆರಿಸೋವಾಗ. ಎಂಸಿಡಬ್ಲ್ಯುಒಜಿ ಅಂದ್ರೆ ಗೇರ್ ಇಲ್ಲದ ದ್ವಿಚಕ್ರ ವಾಹನ, ಎಂಸಿಡಬ್ಲ್ಯುಜಿ ಅಂದ್ರೆ ಗೇರ್ ಇರೋದು, ಎಲ್‌ಎಂವಿ ಅಂದ್ರೆ ಕಾರು. “ಸ್ಕೂಟರ್‌ನಲ್ಲಿ ಟೆಸ್ಟ್ ಸುಲಭ” ಅಂತ ಮೊದಲನೇದನ್ನ ಆರಿಸಿದ್ರೆ, ಆ ಡಿಎಲ್ ಇಟ್ಕೊಂಡು ಗೇರ್ ಬೈಕ್ ಓಡಿಸೋ ಹಾಗಿಲ್ಲ. ಮುಂದೆ ಅದನ್ನ ಸೇರಿಸ್ಬೇಕು ಅಂದ್ರೆ ಮತ್ತೆ ಎಲ್‌ಎಲ್‌ನಿಂದ ಶುರು. ಕಾರೂ ಕಲಿಯೋ ಯೋಚನೆ ಇದ್ರೆ ಮೊದಲೇ ಎರಡನ್ನೂ ಸೇರಿಸಿ ಹಾಕಿ.

ವಯಸ್ಸು 18 ಆಗಿರ್ಬೇಕು. 16ಕ್ಕೇ ಸಿಗೋದು 50 ಸಿಸಿಗಿಂತ ಹೆಚ್ಚಿಲ್ಲದ ಗೇರ್‌ರಹಿತ ಗಾಡಿಗೆ ಮಾತ್ರ. ಮನೆಯಲ್ಲಿರೋ 110 ಸಿಸಿ ಸ್ಕೂಟರ್ ಅದರಲ್ಲಿ ಬರಲ್ಲ.

ಖರ್ಚಿನ ಲೆಕ್ಕ: ಕೇಂದ್ರದ ನಿಯಮದ ಪ್ರಕಾರ ಎಲ್‌ಎಲ್‌ಗೆ ಪ್ರತಿ ವರ್ಗಕ್ಕೆ 150 ರೂಪಾಯಿ, ಎಲ್‌ಎಲ್ ಪರೀಕ್ಷೆಗೆ 50, ಚಾಲನಾ ಪರೀಕ್ಷೆಗೆ ಪ್ರತಿ ವರ್ಗಕ್ಕೆ 300, ಡಿಎಲ್ ಕಾರ್ಡಿಗೆ 200. ಬರೀ ಬೈಕಿಗೆ ಹಾಕಿದ್ರೆ ಎಲ್ಲ ಸೇರಿ 700. ಇದರ ಮೇಲೆ ಸೇವಾ ಶುಲ್ಕ ಅಂತ ಸ್ವಲ್ಪ ಸೇರಬಹುದು.

ಆ 30 ದಿನ ಕಾಯೋಕಲ್ಲ, ಕಲಿಯೋಕೆ

ನಾವೆಲ್ಲ ಅಂದ್ಕೊಳ್ಳೋದು ಇದು ಸರ್ಕಾರಿ ವಿಳಂಬ ಅಂತ. ನಿಯಮಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಡ್ರೈವಿಂಗ್ ಸ್ಕೂಲ್‌ಗಳಿಗೆ ಇರೋ ನಿಯಮದಲ್ಲಿ ಖಾಸಗಿ ವಾಹನ ಕಲಿಸೋಕೆ ಕನಿಷ್ಠ 21 ದಿನದ ತರಬೇತಿ, ಅದರಲ್ಲಿ ಕನಿಷ್ಠ 10 ಗಂಟೆ ನಿಜವಾಗಿ ಗಾಡಿ ಓಡಿಸೋದು ಇರ್ಬೇಕು ಅಂತಿದೆ. 2021ರ ಜುಲೈನಿಂದ ಬಂದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ನಿಯಮದಲ್ಲಿ ಲಘು ವಾಹನದ ಕೋರ್ಸ್ 29 ಗಂಟೆ: 8 ಗಂಟೆ ಪಾಠ, 21 ಗಂಟೆ ಓಡಿಸೋದು. ನಾಲ್ಕು ವಾರದೊಳಗೆ ಮುಗೀಬೇಕು. ಅಲ್ಲಿ ಪಾಸಾದವರಿಗೆ ಆರ್‌ಟಿಒ ಚಾಲನಾ ಪರೀಕ್ಷೆಯಿಂದ ವಿನಾಯಿತಿಯೂ ಇದೆ. 21 ದಿನ ಆಗಲಿ, ನಾಲ್ಕು ವಾರ ಆಗಲಿ, ಎರಡೂ 30ರೊಳಗೆ ಕೂರುತ್ತೆ. ಅಂದ್ರೆ ಒಬ್ಬ ಹೊಸಬ ಗಾಡಿ ಕಲಿಯೋಕೆ ಎಷ್ಟು ಬೇಕೋ ಅಷ್ಟೇ ಸಮಯ ಇಟ್ಟಿರೋದು.

ಎಲ್‌ಎಲ್ ಬಂತು ಅಂದ್ರೆ ಅರ್ಧ ಡಿಎಲ್ ಬಂದ ಹಾಗೆ ಅಂತ ಒಂದು ತಪ್ಪು ತಿಳಿವಳಿಕೆ ನಮ್ಮಲ್ಲಿದೆ. ಎಲ್‌ಎಲ್ ಇಟ್ಕೊಂಡು ಒಬ್ಬರೇ ಗಾಡಿ ಓಡಿಸೋ ಹಾಗಿಲ್ಲ. ಡಿಎಲ್ ಇರೋರು ಕಲಿಸೋಕೆ ಜೊತೆಗಿರ್ಬೇಕು. ಬೈಕಿನ ಹಿಂದೆ ಕಲಿಸೋರನ್ನ ಬಿಟ್ಟು ಬೇರೆ ಯಾರನ್ನೂ ಕೂರಿಸಬಾರದು. ಮುಂದೆ ಹಿಂದೆ ‘ಎಲ್’ ಫಲಕ ಇರ್ಬೇಕು. ಅದಕ್ಕೂ ಅಳತೆ ಇದೆ: 18 ಸೆಂ.ಮೀ. ಚೌಕದ ಬಿಳಿ ಫಲಕ, ಕನಿಷ್ಠ 10 ಸೆಂ.ಮೀ. ಎತ್ತರದ ಕೆಂಪು ಅಕ್ಷರ. ನಮ್ಮ ಕಾಲೇಜ್ ಪಾರ್ಕಿಂಗ್‌ನಲ್ಲಿ ಇಂಥ ಫಲಕ ಇರೋ ಎಷ್ಟು ಬೈಕ್ ನೋಡಿದ್ದೀರಿ? ನಾನಂತೂ ಹಾಕಿರ್ಲಿಲ್ಲ.

ರೂಮ್‌ಮೇಟ್ ಮಾಡಿದ್ದು ಸರಳ. ದಿನಾ ಬೆಳಗ್ಗೆ ಆರೂವರೆಗೆ ಎದ್ದು, ಡಿಎಲ್ ಇದ್ದ ಸೀನಿಯರ್ ಒಬ್ಬರನ್ನ ಹಿಂದೆ ಕೂರಿಸ್ಕೊಂಡು ಅರ್ಧ ಗಂಟೆ ಓಡಿಸ್ತಿದ್ದ. ಗ್ರೌಂಡ್‌ನಲ್ಲಿ ಸುಣ್ಣದ ಪುಡಿಯಲ್ಲಿ ಎಂಟು ಬರೆದು ಅದರ ಮೇಲೆ ಸುತ್ತುತ್ತಿದ್ದ. “ಏನೋ ಇದು, ಗಾಡಿ ಬಿಡೋಕೆ ಇಷ್ಟೊಂದಾ?” ಅಂತ ನಾನು ನಗ್ತಿದ್ದೆ. ನನಗೆ ಊರಲ್ಲಿ ಹೈಸ್ಕೂಲ್‌ನಿಂದಲೇ ಗಾಡಿ ಬರುತ್ತೆ ಅನ್ನೋ ಜಂಬ.

ಟೆಸ್ಟ್ ದಿನ

30 ದಿನ ಆದ ಮೇಲಿನ ದಿನಕ್ಕೆ ಸ್ಲಾಟ್ ತಗೋಬೇಕು. ಸ್ಲಾಟ್ ಎಷ್ಟು ಬೇಗ ಸಿಗುತ್ತೆ ಅನ್ನೋದು ಕಚೇರಿಯಿಂದ ಕಚೇರಿಗೆ ಬೇರೆ. ಜನ ಕಡಿಮೆ ಇರೋ ಕಡೆ ಎರಡು ಮೂರು ದಿನಕ್ಕೆ ಸಿಗಬಹುದು, ದೊಡ್ಡ ನಗರದಲ್ಲಿ ವಾರಗಟ್ಟಲೆ ಕಾಯಬೇಕಾಗಬಹುದು. ರೂಮ್‌ಮೇಟ್‌ಗೆ ಫೆಬ್ರವರಿ 27ಕ್ಕೆ, ಅಂದ್ರೆ 38ನೇ ದಿನಕ್ಕೆ ಸಿಕ್ತು.

2019ರ ತಿದ್ದುಪಡಿ ಆದ ಮೇಲೆ, ವಾಸ ಇರೋ ರಾಜ್ಯದ ಯಾವುದೇ ಪರವಾನಗಿ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು ಅಂತ ಕಾಯ್ದೆಯಲ್ಲಿದೆ. ಹಾಸ್ಟೆಲ್‌ನವರಿಗೆ ಇದು ಉಪಯೋಗ. ಟೆಸ್ಟ್‌ಗೋಸ್ಕರ ಕ್ಲಾಸ್ ಬಿಟ್ಟು ರಾಯಚೂರಿಗೋ ಕಾರವಾರಕ್ಕೋ ರಾತ್ರಿ ಬಸ್ ಹತ್ತಬೇಕಾಗಿಲ್ಲ.

ಯಾವ ವರ್ಗಕ್ಕೆ ಅರ್ಜಿ ಹಾಕಿದ್ದೀರೋ ಆ ವರ್ಗದ ಗಾಡಿ ನಾವೇ ತಗೊಂಡು ಹೋಗ್ಬೇಕು. ಅದರ ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ ಚಾಲ್ತಿಯಲ್ಲಿವೆಯಾ ಅಂತ ಹಿಂದಿನ ದಿನವೇ ನೋಡ್ಕೊಳ್ಳಿ. ಗೆಳೆಯನ ಬೈಕ್ ತಗೊಂಡು ಹೋಗಿ, ಇನ್ಶೂರೆನ್ಸ್ ಮುಗಿದಿದೆ ಅಂತ ಅಲ್ಲಿ ಗೊತ್ತಾದ್ರೆ ಆ ಸ್ಲಾಟ್ ಹೋಯ್ತು ಅಂತಲೇ ಲೆಕ್ಕ. ಹೆಲ್ಮೆಟ್ ಮರೀಬೇಡಿ.

ಬೈಕಿಗೆ ಎಂಟು ಹಾಕ್ಬೇಕು. ಕಾಲು ನೆಲಕ್ಕೆ ತಾಗಬಾರದು, ಗೆರೆ ದಾಟಬಾರದು, ತಿರುಗೋ ಮುಂಚೆ ಇಂಡಿಕೇಟರ್ ಅಥವಾ ಕೈಸನ್ನೆ ಇರ್ಬೇಕು. ಕಾರಿಗೆ ರಿವರ್ಸ್, ತಿರುವು, ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದೆ ಮತ್ತೆ ಹೊರಡೋದು ಎಲ್ಲ ಇರುತ್ತೆ. ಬಹಳ ಕಡೆ ಮೋಟಾರು ವಾಹನ ನಿರೀಕ್ಷಕರು ಎದುರಿಗೆ ನಿಂತು ನೋಡ್ತಾರೆ. ಬೆಂಗಳೂರಿನ ಜ್ಞಾನಭಾರತಿಯಂಥ ಕಡೆ ಸ್ವಯಂಚಾಲಿತ ಟ್ರ್ಯಾಕ್ ಇದೆ. ಅಲ್ಲಿ ತಪ್ಪನ್ನ ಹಿಡಿಯೋದು ಸೆನ್ಸರ್ ಮತ್ತು ಕ್ಯಾಮೆರಾ. “ಸಾರ್, ಒಂದ್ಸಲ ಸ್ವಲ್ಪ ಕಾಲು ತಾಗಿತು ಅಷ್ಟೇ” ಅಂತ ಸೆನ್ಸರ್ ಹತ್ರ ಹೇಳೋಕಾಗಲ್ಲ.

ಫೇಲಾದ್ರೆ? 7 ದಿನ ಬಿಟ್ಟು ಮತ್ತೆ ಹೋಗಬಹುದು, ಪರೀಕ್ಷಾ ಶುಲ್ಕ ಮತ್ತೆ ಕಟ್ಟಬೇಕು. ಮೂರು ಸಲ ಫೇಲಾದ್ರೆ ಕೊನೇ ಟೆಸ್ಟ್‌ನಿಂದ 60 ದಿನ ಕಾಯಬೇಕು. ಆರು ತಿಂಗಳ ಕಿಟಕಿಯ ಕೊನೇ ವಾರದಲ್ಲಿ ಮೊದಲ ಟೆಸ್ಟ್‌ಗೆ ಹೋದವರಿಗೆ ಈ 7 ದಿನವೂ ದುಬಾರಿಯೇ.

ಪಾಸಾದ ಮೇಲೂ ಕಾರ್ಡ್ ಕೈಗೆ ಬರ್ಬೇಕಲ್ಲ

ಟೆಸ್ಟ್ ಪಾಸಾದ ದಿನವೇ ಕಾರ್ಡ್ ಕೊಡಲ್ಲ. ಸ್ಮಾರ್ಟ್ ಕಾರ್ಡ್ ಪ್ರಿಂಟ್ ಆಗಿ ಸ್ಪೀಡ್ ಪೋಸ್ಟ್‌ನಲ್ಲಿ ಅರ್ಜಿಯಲ್ಲಿರೋ ವಿಳಾಸಕ್ಕೆ ಹೋಗುತ್ತೆ. ರೂಮ್‌ಮೇಟ್‌ಗೆ ಇದಕ್ಕೆ 13 ದಿನ ಹಿಡೀತು. ನನಗೆ 41 ದಿನ. ಕಾರಣ ಇಷ್ಟೇ: ನನ್ನ ಆಧಾರ್‌ನಲ್ಲಿ ಇದ್ದದ್ದು ನಾವು ಖಾಲಿ ಮಾಡಿದ್ದ ಹಳೇ ಬಾಡಿಗೆ ಮನೆ ವಿಳಾಸ. ಆಧಾರ್ ಮೂಲಕ ಅರ್ಜಿ ಹಾಕಿದಾಗ ವಿವರ ಅಲ್ಲಿಂದಲೇ ಬಂತು, ನಾನು ಕಣ್ಣು ಹಾಯಿಸದೆ ಮುಂದೆ ಒತ್ತಿದೆ. ಅಂಚೆಯವರು ಎರಡು ಸಲ ಹೋಗಿ ಕಾರ್ಡ್ ವಾಪಸ್ ಕಳಿಸಿದ್ರು. ಮತ್ತೆ ಅದರ ಹಿಂದೆ ಓಡಾಡಿದ್ದೇ ಒಂದು ತಿಂಗಳು.

ಕಾರ್ಡ್ ಬರೋ ತನಕ ಕೈ ಕಟ್ಟಿ ಕೂರ್ಬೇಕಾಗಿಲ್ಲ. ಡಿಎಲ್ ಮಂಜೂರಾಗಿ ದಾಖಲೆಯಲ್ಲಿ ಸೇರಿದ್ರೆ ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ಕಾಣುತ್ತೆ. ತಪಾಸಣೆ ವೇಳೆ ಅದನ್ನ ತೋರಿಸಿದ್ರೂ ಮಾನ್ಯ. ಗ್ಯಾಲರಿಯಲ್ಲಿರೋ ಫೋಟೋ ತೋರಿಸೋದು ಬೇರೆ, ಆ್ಯಪ್‌ನಲ್ಲಿ ತೋರಿಸೋದು ಬೇರೆ. ಅದು ನೆನಪಿರಲಿ.

ನನ್ನ 288 ದಿನದ ಲೆಕ್ಕ

ಈಗ ನನ್ನ ವಿಷಯ. ಫೆಬ್ರವರಿಯಲ್ಲಿ 30 ದಿನ ಮುಗೀತು. ಇಂಟರ್ನಲ್ಸ್ ಇದೆ, ಆಮೇಲೆ ನೋಡೋಣ ಅಂದೆ. ಏಪ್ರಿಲ್‌ನಲ್ಲಿ ಫೆಸ್ಟ್. ಜೂನ್‌ನಲ್ಲಿ ಲ್ಯಾಬ್ ಎಕ್ಸಾಮ್. ಆರು ತಿಂಗಳು ಅಂದ್ರೆ ತುಂಬಾ ದೂರ ಅನ್ನಿಸ್ತಿತ್ತು.

ಜುಲೈ 22ರ ಸಂಜೆ ರೂಮ್‌ಮೇಟ್ ಬೈಕ್ ಇಸ್ಕೊಂಡು ಒಬ್ಬನೇ ಬಸ್‌ಸ್ಟ್ಯಾಂಡ್ ಕಡೆ ಹೊರಟಿದ್ದೆ. ಮಾರ್ಕೆಟ್ ತಿರುವಿನಲ್ಲಿ ಕಡಲೆಕಾಯಿ ಗಾಡಿ ತಳ್ಕೊಂಡು ಬರ್ತಿದ್ದ ಹಿರಿಯರೊಬ್ಬರಿಗೆ ನನ್ನ ಹ್ಯಾಂಡಲ್ ತಾಗಿತು. ಅವರು ಬಿದ್ದರು. ಮೊಣಕೈ ತರಚಿ ರಕ್ತ ಬಂತು, ಕಡಲೆಕಾಯಿ ಎಲ್ಲ ರಸ್ತೆ ಮೇಲೆ. ಹತ್ತಿರದಲ್ಲೇ ಇದ್ದ ಟ್ರಾಫಿಕ್ ಪೊಲೀಸರು ಬಂದು ಡಿಎಲ್ ಕೇಳಿದ್ರು. ಧೈರ್ಯವಾಗಿ ಫೋನ್ ತೆಗೆದು ಎಲ್‌ಎಲ್ ತೋರಿಸಿದೆ. ಅವರು ದಿನಾಂಕ ನೋಡಿ ಹೇಳಿದ್ದು ಒಂದೇ ಮಾತು: “ಮುಗಿದು ಮೂರು ದಿನ ಆಯ್ತಲ್ಲಪ್ಪಾ.”

ಜುಲೈ 19ಕ್ಕೆ ಮುಗಿದಿತ್ತು. ಆ ಕ್ಷಣಕ್ಕೆ ನನ್ನ ಹತ್ರ ಯಾವ ಪರವಾನಗಿಯೂ ಇರ್ಲಿಲ್ಲ.

ಅವರಿಗೆ ದೊಡ್ಡ ಗಾಯ ಆಗಿರ್ಲಿಲ್ಲ, ಪುಣ್ಯ. ಕ್ಲಿನಿಕ್‌ಗೆ ಕರ್ಕೊಂಡು ಹೋಗಿ ಡ್ರೆಸ್ಸಿಂಗ್ ಮಾಡಿಸಿದೆ, ಮಾಲಿನ ದುಡ್ಡು ಕೊಟ್ಟೆ, ದಂಡ ಕಟ್ಟಿದೆ. ಆದ್ರೆ ಆ ರಾತ್ರಿ ಕಾಯ್ದೆ ತೆಗೆದು ಓದಿದಾಗ ನಿದ್ದೆ ಬರಲಿಲ್ಲ. ಪರವಾನಗಿ ಇಲ್ಲದೆ ಓಡಿಸೋದು ನನ್ನ ತಪ್ಪು ಸರಿ. ಪರವಾನಗಿ ಇಲ್ಲದವರ ಕೈಗೆ ಗಾಡಿ ಕೊಡೋದು ಮಾಲೀಕರ ತಪ್ಪು ಅಂತ ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತೆ, ಅದಕ್ಕೆ ಬೇರೆ ಶಿಕ್ಷೆಯೇ ಇದೆ. ಆ ಬೈಕಿನ ಆರ್‌ಸಿ ಇದ್ದದ್ದು ರೂಮ್‌ಮೇಟ್‌ನ ಅಪ್ಪನ ಹೆಸರಲ್ಲಿ.

ಇನ್ಶೂರೆನ್ಸ್ ಇದೆಯಲ್ಲ ಅಂತೀರಾ? ಓಡಿಸ್ತಿದ್ದವರಿಗೆ ಪರವಾನಗಿ ಇರ್ಲಿಲ್ಲ ಅನ್ನೋದನ್ನ ವಿಮಾ ಕಂಪನಿ ತನ್ನ ವಾದವಾಗಿ ಮುಂದಿಡಬಹುದು. ಸ್ವರಣ್ ಸಿಂಗ್ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ, ಇಂಥ ಕಡೆ ಕಂಪನಿ ಗಾಯಾಳುವಿಗೆ ಮೊದಲು ಪರಿಹಾರ ಕೊಟ್ಟು, ಆಮೇಲೆ ಆ ಹಣವನ್ನ ವಾಹನದ ಮಾಲೀಕರಿಂದ ವಸೂಲಿ ಮಾಡಲು ನ್ಯಾಯಾಲಯ ಅವಕಾಶ ಕೊಡಬಹುದು. ಅಂದ್ರೆ ಆ ಸಂಜೆ ಗಾಯ ದೊಡ್ಡದಾಗಿದ್ದಿದ್ರೆ, ನನ್ನ ಮೂರು ದಿನದ ಮರೆವಿಗೆ ಬೆಲೆ ಕಟ್ಟಬೇಕಾಗಿದ್ದದ್ದು, ನಾನು ಹೋದಾಗೆಲ್ಲ ರೊಟ್ಟಿ ಶೇಂಗಾ ಚಟ್ನಿ ಕಟ್ಟಿಸಿ ಕಳಿಸೋ ಆ ಅಪ್ಪ. “ಮಗಾ, ಒಂದ್ಸಲ ಕೀ ಕೊಡೋ” ಅನ್ನೋ ಮಾತು ನಾವು ಎಷ್ಟು ಸಲೀಸಾಗಿ ಆಡ್ತೀವಿ.

ಆಗಸ್ಟ್ 3ಕ್ಕೆ ಹೊಸ ಎಲ್‌ಎಲ್ ತಗೊಂಡೆ. ಸೆಪ್ಟೆಂಬರ್ 10ಕ್ಕೆ ಟೆಸ್ಟ್. ಹೈಸ್ಕೂಲ್‌ನಿಂದ ಗಾಡಿ ಬಿಡೋನು ಎಂಟರ ಎರಡನೇ ತಿರುವಿನಲ್ಲಿ ಕಾಲು ಊರಿದೆ. ಫೇಲ್. ಸೆಪ್ಟೆಂಬರ್ 24ಕ್ಕೆ ಪಾಸ್. ನವೆಂಬರ್ 4ಕ್ಕೆ ಕಾರ್ಡ್. ಪಟ್ಟಿ ಹೀಗಿದೆ:

– ಎಲ್‌ಎಲ್ ಮುಗಿಯೋಕೆ ಬಿಟ್ಟು, ಹೊಸದು ತಗೊಳ್ಳೋ ತನಕ: 195 ದಿನ
– ಹೊಸ ಎಲ್‌ಎಲ್‌ನಿಂದ ಟೆಸ್ಟ್‌ಗೆ: 38 ದಿನ
– ಫೇಲಾಗಿ ಮತ್ತೆ ಪಾಸಾಗೋಕೆ: 14 ದಿನ
– ಹಳೇ ವಿಳಾಸದಿಂದ ಕಾರ್ಡ್ ಸುತ್ತಾಡಿದ್ದು: 41 ದಿನ

ಎರಡನೇ ಸಾಲು ನೋಡಿ. ಎಲ್‌ಎಲ್‌ನಿಂದ ಟೆಸ್ಟ್‌ಗೆ ರೂಮ್‌ಮೇಟ್‌ಗೂ 38, ನನಗೂ 38. ವ್ಯವಸ್ಥೆ ತಗೊಂಡ ಸಮಯ ಇಬ್ಬರಿಗೂ ಒಂದೇ. ಉಳಿದದ್ದರಲ್ಲಿ ಹೆಚ್ಚಿನ ಪಾಲು ನನ್ನದು.

ಏಜೆಂಟ್ ಹಿಡಿದ್ರೆ ಬೇಗ ಆಗುತ್ತಾ?

30 ದಿನದ ಲೆಕ್ಕ ಇರೋದು ಸಾರಥಿ ಸಾಫ್ಟ್‌ವೇರ್‌ನಲ್ಲಿ. ಎಲ್‌ಎಲ್ ದಿನಾಂಕ ಅದಕ್ಕೆ ಗೊತ್ತು. “ಹತ್ತು ದಿನದಲ್ಲಿ ಡಿಎಲ್” ಅಂತ ಯಾರಾದ್ರೂ ಹೇಳಿದ್ರೆ ಅವರು ಸುಳ್ಳು ಹೇಳ್ತಿದ್ದಾರೆ, ಇಲ್ಲಾ ಕೊಡೋ ಕಾರ್ಡ್ ಸುಳ್ಳು. ಫಾರ್ಮ್ ತುಂಬೋಕೆ, ಗಾಡಿ ಹೊಂದಿಸೋಕೆ ಸಹಾಯ ಸಿಗಬಹುದು. ಇಂಜಿನಿಯರಿಂಗ್ ಓದೋರಿಗೆ ಒಂದು ಆನ್‌ಲೈನ್ ಫಾರ್ಮ್ ತುಂಬೋಕೆ ಸಾವಿರಾರು ರೂಪಾಯಿ ಕೊಡ್ಬೇಕಾ ಅಂತ ನೀವೇ ಯೋಚಿಸಿ. ಕಾರು ಸೊನ್ನೆಯಿಂದ ಕಲಿಯೋರು ಡ್ರೈವಿಂಗ್ ಸ್ಕೂಲ್‌ಗೆ ಸೇರೋದು ಬೇರೆ ವಿಷಯ, ಅಲ್ಲಿ ದುಡ್ಡು ಕೊಡೋದು ಕಲಿಕೆಗೆ.

ಹಾಗಾದ್ರೆ ಯಾವಾಗ ಶುರು ಮಾಡೋದು?

ಸೆಮಿಸ್ಟರ್ ಶುರುವಾದ ಮೊದಲ ವಾರವೇ ಎಲ್‌ಎಲ್ ತಗೊಳ್ಳಿ. ಆಗ ಇಂಟರ್ನಲ್ಸ್ ಇರಲ್ಲ, 30 ದಿನ ಬೆಳಗ್ಗೆ ಅಭ್ಯಾಸಕ್ಕೆ ಸಿಗುತ್ತೆ. ಅರ್ಜಿ ಹಾಕೋ ಮುಂಚೆ ಆಧಾರ್‌ನ ವಿಳಾಸ, ಮೊಬೈಲ್ ನಂಬರ್ ಸರಿ ಇದೆಯಾ ನೋಡಿ. ಎಲ್‌ಎಲ್ ಬಂದ ದಿನವೇ ಫೋನ್‌ನಲ್ಲಿ ಎರಡು ರಿಮೈಂಡರ್ ಹಾಕಿ: 31ನೇ ದಿನಕ್ಕೆ ಒಂದು, ಐದನೇ ತಿಂಗಳ ಕೊನೆಗೆ ಇನ್ನೊಂದು. ಟೆಸ್ಟ್ 45ನೇ ದಿನದೊಳಗೆ ಮುಗಿಸೋ ಗುರಿ ಇಟ್ಕೊಳ್ಳಿ. ಒಂದ್ಸಲ ಫೇಲಾದ್ರೂ ಎರಡನೇ ಸಲಕ್ಕೆ ಜಾಗ ಇರುತ್ತೆ. ಎಲ್ಲ ಸರಿ ಹೋದ್ರೆ ಎರಡು ತಿಂಗಳ ಒಳಗೆ ಕಾರ್ಡ್ ಮನೆಯಲ್ಲಿರುತ್ತೆ. 30 ವರ್ಷದೊಳಗೆ ತಗೊಂಡ ಡಿಎಲ್ ನಮಗೆ 40 ತುಂಬೋ ತನಕ ನಡೆಯುತ್ತೆ. ಎರಡು ತಿಂಗಳು ಸರಿಯಾಗಿ ಓಡಾಡಿದ್ರೆ ಇಪ್ಪತ್ತು ವರ್ಷ ನಿಶ್ಚಿಂತೆ.

ಕಡಲೆಕಾಯಿ ತಾತ ಈಗಲೂ ಅದೇ ತಿರುವಿನಲ್ಲಿ ನಿಲ್ತಾರೆ. ಕಾರ್ಡ್ ಬಂದ ಮೇಲೆ ಒಂದು ದಿನ ಹೋಗಿ ತೋರಿಸಿದೆ. ಕಾರ್ಡ್ ತಿರುಗಿಸಿ ಮುರುಗಿಸಿ ನೋಡಿ, “ಈಗ ಬರುತ್ತಾ ಗಾಡಿ?” ಅಂದ್ರು. ಬರುತ್ತೆ ತಾತ ಅಂದೆ. ಅವತ್ತು ನಾನು ಹೋಗಿದ್ದು ನಡ್ಕೊಂಡೇ. ಇಪ್ಪತ್ತು ರೂಪಾಯಿ ಕಡಲೆಕಾಯಿ ತಗೊಂಡು ವಾಪಸ್ ಬಂದೆ.